ಕೊಟ್ರಪ್ಪ ಖಾಲಿ ಬಿಟ್ಟ ಮೂರನೇ ಚೌಕ

ಬಹಳ ಕಾಲದ ಹಿಂದೆ, ನಮ್ಮ ಅಜ್ಜಂದಿರ ಮೀಸೆ ಇನ್ನೂ ಕಪ್ಪಗಿದ್ದಾಗ, ಬಿದರಗಟ್ಟೆ ಅಂತ ಒಂದು ಊರು. ಊರ ತುಂಬ ಮಂಡಕ್ಕಿ ಭಟ್ಟಿಗಳು, ಭಟ್ಟಿಗಳ ಹೊಗೆ, ಆ ಹೊಗೆಯ ನಡುವೆ ಒಂದು ಅಚ್ಚಿನ ಮನೆ. ಅಲ್ಲಿಂದ ದಿನಾ ಬೆಳಿಗ್ಗೆ ಒಂದು ಪೇಪರ್ ಹೊರಡೋದು. ಅದರ ಹೆಸರೇನು ಅಂತ ಮಾತ್ರ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಊರಿಗೆ ಅದು ಪೇಪರ್, ಅಷ್ಟೇ. ಕೊನೇ ಪುಟದ ಕೆಳಗಡೆ ಮೂರು ಚೌಕ, ಚೌಕದೊಳಗೆ ಚಿತ್ರ, ಚಿತ್ರದ ತಲೆ ಮೇಲೆ ನಾಲ್ಕು ಮಾತು. ಬರೆಯೋನು ಕೊಟ್ರಪ್ಪ. ಮೂರುಚೌಕದ ಕೊಟ್ರಪ್ಪ ಅಂತಲೇ ಅವನಿಗೆ ಹೆಸರು ಬಿದ್ದಿತ್ತು.

ಏಯ್, ಆ ಫೋನು ಸ್ವಲ್ಪ ಕೆಳಗಿಡ್ರಪ್ಪ. ಬೆರಳು ಸವರಿದರೆ ಸಾಕು, ನಿಮಗೆ ರಾಶಿ ರಾಶಿ ಚಿತ್ರ ಬರ್ತವೆ. ನೋಡಿದ ಮರುಗಳಿಗೆ ಮರೀತೀರಿ. ಆಗ ದಿನಕ್ಕೆ ಮೂರೇ ಚೌಕ. ಅದನ್ನ ಬೆಳಿಗ್ಗೆ ನೋಡಿ, ಮಧ್ಯಾಹ್ನ ನೆನೆಸಿಕೊಂಡು ನಕ್ಕು, ಸಂಜೆ ಇನ್ನೊಬ್ಬರಿಗೆ ಹೇಳಿ ಇನ್ನೊಂದು ಸಲ ನಗಬೇಕು. ಆ ಊರಲ್ಲಿ ಪೇಪರನ್ನ ಮುಂದಿನ ಪುಟದಿಂದ ಓದಿದೋನು ಒಬ್ಬನೂ ಇರಲಿಲ್ಲ ಅಂತಾರೆ. ಎಲ್ಲರೂ ಹಿಂದಿನಿಂದಲೇ. ಚಹಾದಂಗಡಿಯಲ್ಲಿ ಒಂದು ಪೇಪರಿಗೆ ಆರು ತಲೆ. ಕುಳ್ಳರು ಮುಂದೆ, ಉದ್ದದೋರು ಹಿಂದೆ. ಪಕ್ಕದ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ತೆಗೆಸಿಕೊಂಡೋನು ಕೆನ್ನೆಯ ನೊರೆ ಸಮೇತ ಎದ್ದು ಬಂದು ಇಣುಕೋನು. ಓದು ಬಂದೋರು ಓದು ಬರದೋರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಮೂರನೇ ಚೌಕಕ್ಕೆ ಬರೋ ಮುಂಚೆ ಯಾವನಾದರೂ ಕಿಸಕ್ಕಂದನೋ, ಜಗಳ. "ಮುಚ್ಚಲೇ ಬಾಯಿ, ನಾನಿನ್ನೂ ಎರಡನೇದ್ರಾಗೆ ಅದೀನಿ" ಅಂತ ಕೈ ಕೈ ಮಿಲಾಯಿಸಿದ್ದೂ ಉಂಟು. ಶಾಯಿ ಇನ್ನೂ ಹಸಿ ಇರೋದು, ಬೆರಳಿಗೆ ಮೆತ್ತೋದು, ಆ ಬೆರಳಿಂದ ಮೂಗು ಕೆರಕೊಂಡು ಅರ್ಧ ಊರಿನ ಮೂಗು ಮಧ್ಯಾಹ್ನದ ತನಕ ಕಪ್ಪಗಿರೋದು. ಹೆಂಗಸರು ಆ ಚೌಕಗಳನ್ನ ಕತ್ತರಿಸಿ, ಅನ್ನದ ಅಗುಳು ಹಿಸುಕಿ, ಅಡುಗೆಮನೆ ಕದಕ್ಕೆ ಅಂಟಿಸೋರು. ಅಯ್ಯೋ, ಆ ಹಸಿ ಶಾಯಿ ವಾಸನೆ! ಅದನ್ನ ಮೂಸಿದೋರಿಗೇ ಗೊತ್ತು, ನಿಮಗೆ ಹೇಳಿ ಏನು ಪ್ರಯೋಜನ.

ಕೊಟ್ರಪ್ಪ ಗೋಡೆ ಮೇಲೆ ಇಲಿ ಬರೆದರೆ ಊರ ಬೆಕ್ಕು ಬಂದು ಕಾದು ಕೂರ್ತಿತ್ತು ಅಂತಾರೆ. ಕಣ್ಣು ಮುಚ್ಚಿ ಎಳೆದರೂ ಅವನ ಗೆರೆ ದಾರ ಹಿಡಿದ ಹಾಗೆ ನೆಟ್ಟಗಿರ್ತಿತ್ತು ಅಂತಾರೆ. ಚಹಾ ಅಂದುಕೊಂಡು ಶಾಯಿ ಕುಡಿದಿದ್ದ ಅಂತಲೂ ಅಂತಾರೆ. ಬೇರೆಯದು ಹೇಗೋ, ಇದೊಂದು ನಿಜ ಇರಬಹುದು.

ಅವನ ಚೌಕದಲ್ಲಿ ಇರ್ತಿದ್ದೋನು ರುಮಾಲು ಮಾವ. ತಲೆಗಿಂತ ದೊಡ್ಡ ರುಮಾಲು, ಮುಖಕ್ಕಿಂತ ದೊಡ್ಡ ಮೀಸೆ. ನಿನ್ನೆ ಊರಲ್ಲಿ ಯಾರಿಗೆ ಏನಾಯ್ತೋ ಅದು ಇವತ್ತು ರುಮಾಲು ಮಾವನಿಗೆ ಆಗೋದು. ಗೌಡರು ಮದುವೆಮನೆಯಲ್ಲಿ ಬೇರೆಯೋರ ಚಪ್ಪಲಿ ಮೆಟ್ಟಿಕೊಂಡು ಬಂದರೆ, ಮರುದಿನ ರುಮಾಲು ಮಾವನ ಒಂದು ಕಾಲಲ್ಲಿ ಹೆಂಗಸರ ಚಪ್ಪಲಿ. ಹೆಸರು ಹಾಕ್ತಿರಲಿಲ್ಲ, ಹಾಕಬೇಕಾಗೂ ಇರಲಿಲ್ಲ. ಊರಿನ ಪದ್ಧತಿ ಏನಪ್ಪಾ ಅಂದರೆ, ಯಾರ ಸಂಗತಿ ಚೌಕಕ್ಕೆ ಬಂತೋ ಅವರು ಆ ಸಂಜೆ ಚಹಾದಂಗಡಿ ಮುಂದೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಬೇಕು. ಸಿಟ್ಟಾಗೋ ಹಾಗಿಲ್ಲ. ಸಿಟ್ಟಾಗೋದು ಹಾಗಿರಲಿ, ತಮ್ಮ ಸರದಿ ಯಾವಾಗ ಬರ್ತದೆ ಅಂತ ಜನ ಕೊಟ್ರಪ್ಪನ ಹಿಂದೆ ಬೀಳ್ತಿದ್ದರು. ಕೊಟ್ರಪ್ಪನಿಗೆ ಅದೇ ಹೆಮ್ಮೆ. ತನ್ನ ಗೆರೆಯಿಂದ ಯಾರ ಕಣ್ಣಲ್ಲೂ ನೀರು ಬಂದಿಲ್ಲ ಅಂತ ಎದೆ ತಟ್ಟಿ ಹೇಳ್ತಿದ್ದ.

ಅದೇ ಊರಲ್ಲಿ ಮೈಲಾರಿ ಅಂತ ಒಬ್ಬ ಪೈಲ್ವಾನ. ಆಳು ಅಂದರೆ ಆಳು. ಗರಡಿಮನೆಯ ಗುಂಡುಕಲ್ಲನ್ನ ಹತ್ತಿಯ ಮೂಟೆ ಎತ್ತಿದ ಹಾಗೆ ಎತ್ತೋನು. ಅವನ ಹೆಂಡತಿ ಗುತ್ಯಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದಳು. ಒಂದು ದಿನ ಕೊಟ್ರಪ್ಪ ಗರಡಿಮನೆ ಗೋಡೆಗೆ ಹನುಮಂತನ್ನ ಬರೀತಿದ್ದಾಗ ಗುತ್ಯಮ್ಮ ಗಂಡನಿಗೆ ಬುತ್ತಿ ತಂದಳು. ಹನುಮಂತನ ಪಕ್ಕದಲ್ಲಿ ಒಂದು ಹಲ್ಲಿ ಕೂತಿತ್ತು. ಅದನ್ನ ನೋಡಿ ಗುತ್ಯಮ್ಮನಿಗೆ ನಗು ತಡೆಯೋಕಾಗಲಿಲ್ಲ. "ಅಣ್ಣಾ, ಯಾರಿಗೂ ಹೇಳಬ್ಯಾಡ. ನಮ್ಮನಿಯವ್ರಿಗೆ ಹಲ್ಲಿ ಅಂದ್ರೆ ಜೀವ ಹೋಗ್ತತಿ. ಮನ್ನೆ ಜಂತಿಯಿಂದ ಒಂದು ಬಿತ್ತು, ನನ್ನ ಹೆಗಲು ಹತ್ತಿ ಕುಂತಿದ್ರು" ಅಂದಳು. ಗಂಡನ ಮೇಲಿನ ಮುದ್ದಿಗೆ ಹೇಳಿದ ಮಾತು ಅದು. ಕೊಟ್ರಪ್ಪನೂ ನಕ್ಕ. ಯಾರಿಗೂ ಹೇಳಲಿಲ್ಲ. ಬರೆದ.

ಮೊದಲನೇ ಚೌಕದಲ್ಲಿ ರುಮಾಲು ಮಾವ ಗುಂಡುಕಲ್ಲು ಎತ್ತಿದ್ದಾನೆ, ಜನ ಚಪ್ಪಾಳೆ. ಎರಡನೇದರಲ್ಲಿ ಗೋಡೆ ಮೇಲಿನ ಹಲ್ಲಿ ಲೊಚ್ ಅಂತದೆ. ಮೂರನೇದರಲ್ಲಿ ಕಲ್ಲು ನೆಲದ ಮೇಲೆ, ರುಮಾಲು ಮಾವ ಹೆಂಡತಿ ಹೆಗಲ ಮೇಲೆ. ಅವತ್ತಿನ ಹಾಗೆ ಊರು ಯಾವತ್ತೂ ನಕ್ಕಿರಲಿಲ್ಲ ಅಂತಾರೆ. ಒಬ್ಬನಿಗೆ ನಕ್ಕೂ ನಕ್ಕೂ ಹೊಟ್ಟೆ ಹಿಡಕೊಂಡು, ಅವನನ್ನ ಎತ್ತಿಕೊಂಡು ಹೋಗಿ ಮಲಗಿಸಬೇಕಾಯ್ತು ಅಂತಾರೆ. ಮೈಲಾರಿಯೂ ಪದ್ಧತಿ ತಪ್ಪಿಸಲಿಲ್ಲ. ಸಂಜೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿದ. ತಾನು ಮಾತ್ರ ತಿನ್ನಲಿಲ್ಲ. ಅದನ್ನ ಆಗ ಯಾರೂ ಗಮನಿಸಲಿಲ್ಲ.

ಆಮೇಲೆ ದೊಡ್ಡ ಕುಸ್ತಿ ಬಂತು. ಹೊರಗಿನಿಂದ ಹೆಸರಾಂತ ಪೈಲ್ವಾನ ಬಂದಿದ್ದ. ಮೈಲಾರಿ ಕಣಕ್ಕಿಳಿದು, ಮಣ್ಣು ಹಣೆಗಿಟ್ಟುಕೊಂಡು, ತೊಡೆ ತಟ್ಟಿದ. ಊರೆಲ್ಲ ಉಸಿರು ಹಿಡಿದು ನೋಡ್ತಿದೆ. ಅಷ್ಟರಲ್ಲಿ ಜನದ ನಡುವಿನಿಂದ ಯಾರೋ ಲೊಚ್, ಲೊಚ್ ಅಂದರು. ಮುಗೀತು. ಕಣದ ಸುತ್ತ ಇದ್ದೋರೆಲ್ಲ ಗೊಳ್ಳೆಂದರು. ಹೊರಗಿನಿಂದ ಬಂದ ಪೈಲ್ವಾನನಿಗೆ ಏನೂ ಅರ್ಥವಾಗದೆ ಅವನೂ ನಕ್ಕ. ಮೈಲಾರಿ ತಟ್ಟಿದ ಕೈ ತಟ್ಟಿದಲ್ಲೇ ಇಟ್ಟುಕೊಂಡು ನಿಂತ. ಆಮೇಲೆ ಕಣದಿಂದ ಮೇಲೆ ಬಂದು, ಅಂಗಿ ಹೆಗಲ ಮೇಲೆ ಹಾಕಿಕೊಂಡು, ಮನೆಯ ದಾರಿ ಬಿಟ್ಟು ರೈಲ್ವೆ ಗೇಟಿನ ದಾರಿ ಹಿಡಿದ. ಹೋದೋನು ಹೋದ. ಸಂಜೆಗೆ ಬರ್ತಾನೆ ಅಂದರು, ಹಬ್ಬಕ್ಕೆ ಬರ್ತಾನೆ ಅಂದರು. ಬರಲಿಲ್ಲ.

ಒಂದು ದಿನ ಗುತ್ಯಮ್ಮ ಕೊಟ್ರಪ್ಪನ ಬಾಗಿಲಿಗೆ ಬಂದಳು. ಬೈದುಬಿಡ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ಹಗುರ ಆಗ್ತಿತ್ತು ಅಂತ ಆಮೇಲೆ ಹೇಳ್ತಿದ್ದನಂತೆ. ಅವಳು ಬೈಯಲಿಲ್ಲ. ಹೊಸಿಲ ಮೇಲೆ ಕೂತು, "ಅಣ್ಣಾ, ಹೇಳಿದ ಬಾಯಿ ನಂದು. ಅದಕ್ಕೆ ನಾನು ಅನುಭೋಗಸ್ತಾ ಇದೀನಿ. ಬರೆದ ಕೈ ನಿಂದು. ನಿನ್ನ ಗೆರೆ ಅವ್ರನ್ನ ಓಡಿಸ್ತು, ನಿನ್ನ ಗೆರೇನೇ ಕರ್ಕಂಡು ಬರ್ಲಿ" ಅಂದಳು.

ನಮ್ಮ ಪೇಪರ್ ಈ ಸೀಮೆ ದಾಟೋದಿಲ್ಲ ತಂಗೀ, ಅವನು ಎಲ್ಲಿದ್ದಾನೋ ಏನೋ ಅಂದ ಕೊಟ್ರಪ್ಪ. ಆಗ ಗುತ್ಯಮ್ಮ ಕೇಳಿದಳಂತೆ, ಓದಿ ಆದ ಮೇಲೆ ಪೇಪರ್ ಎಲ್ಲಿಗೆ ಹೋಗ್ತದೆ ಅಂತ. ಎಲ್ಲಿಗೆ ಹೋಗ್ತದೆ? ರದ್ದಿಗೆ ಹೋಗ್ತದೆ. ರದ್ದಿ ಎಲ್ಲಿಗೆ? ಭಟ್ಟಿಗೆ. ಮಂಡಕ್ಕಿ ಮೂಟೆ ಲಾರಿ ಹತ್ತುವಾಗ ಪೊಟ್ಟಣ ಕಟ್ಟೋಕೆ ಅಂತ ರದ್ದಿ ಕಟ್ಟೂ ಜೊತೆಗೆ ಹತ್ತೋದು. ಕಡಲ ದಂಡೆ, ಗಡಿಯಾಚೆ, ಎಲ್ಲೆಲ್ಲಿ ಬಿದರಗಟ್ಟೆ ಮಂಡಕ್ಕಿ ತಿಂತಾರೋ ಅಲ್ಲೆಲ್ಲ ಬಿದರಗಟ್ಟೆ ಪೇಪರೂ ಇರೋದು. ಕಟ್ಟು ಕಟ್ಟೋಳು ಗುತ್ಯಮ್ಮನೇ. ನಮ್ಮನಿಯವ್ರಿಗೆ ಮಂಡಕ್ಕಿ ಇಲ್ಲದೆ ಹೊತ್ತು ಹೋಗಲ್ಲ ಅಣ್ಣಾ, ಎಲ್ಲಿದ್ರೂ ಪೊಟ್ಟಣ ಬಿಚ್ಚೇ ಬಿಚ್ತಾರೆ ಅಂದಳು. ಹೊರಡುವಾಗ ಇನ್ನೊಂದು ಮಾತು ಹೇಳಿದಳು: ಅವರಿಗೆ ಅಕ್ಷರ ಬರೋದಿಲ್ಲ, ಮಾತು ಬರೆದರೆ ಮುಟ್ಟೋದಿಲ್ಲ.

ಕೊಟ್ರಪ್ಪ ಶಾಯಿ ಮುಂದಿಟ್ಟುಕೊಂಡು ಕೂತ. ಏನು ಬರೆಯೋದು? ಮಾತಿರಬಾರದು. ಪೊಟ್ಟಣದ ಕಾಗದಕ್ಕೆ ನಿನ್ನೆ ನಾಳೆ ಅನ್ನೋದಿಲ್ಲ, ಯಾವುದು ಮೊದಲು ಸಿಗ್ತದೋ ಯಾವುದು ಆಮೇಲೋ, ಅದಕ್ಕೆ ಒಂದೊಂದು ದಿನದ್ದೂ ಅಲ್ಲಲ್ಲೇ ಮುಗೀಬೇಕು. ಬಾ ಅಂತ ಕೈ ಬೀಸೋ ಚಿತ್ರ ಬರೆದು ನೋಡಿದ. ನಾಚಿಕೆಯಾಗಿ ಓಡಿಹೋದೋನಿಗೆ ಕೈ ಬೀಸಿದರೆ ಅವನು ಇನ್ನೂ ದೂರ ಹೋಗ್ತಾನೆ ಅನ್ನಿಸಿ ಹರಿದು ಹಾಕಿದ. ಎಷ್ಟು ಹಾಳೆ ಹರಿದನೋ, ಒಲೆಗೆ ಸೌದೆಯೇ ಬೇಕಾಗಲಿಲ್ಲ ಅಂತಾರೆ.

ಕೊನೆಗೆ ಅವನಿಗೆ ತನ್ನದೇ ಒಂದು ಗುಟ್ಟು ನೆನಪಾಯಿತು. ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ್ದು. ಅವನಿಗೆ ಗುಡುಗು ಅಂದರೆ ಭಯ. ಗುಡುಗಿದರೆ ಮಂಚದ ಕೆಳಗೆ ಸೇರಿಕೊಂಡು ಕಿವಿಗೆ ಸೆರಗು ತುರುಕಿಕೊಳ್ತಿದ್ದ, ಅದೂ ಹೆಂಡತಿಯ ಸೆರಗು. ಅದನ್ನ ಬರೆಯೋಕೆ ಕೂತ. ಬೇರೆಯೋರನ್ನ ಇಷ್ಟು ವರ್ಷ ಬರೆದೋನು, ತನ್ನ ಮುಖ ಬರೆಯುವಾಗ ಬೆವರಿದ. ಛೇ, ಮೈಲಾರಿಗೆ ಹೀಗೇ ಆಗಿತ್ತೇನೋ ಅಂತ ಆಗ ಹೊಳೆಯಿತು. ಹೊಳೆದು, ಬಹಳ ಹೊತ್ತು ಅತ್ತ.

ಮರುದಿನದ ಪೇಪರಿನಲ್ಲಿ ರುಮಾಲು ಮಾವ ಇಲ್ಲ, ಮಾತಿಲ್ಲ. ಕೊಟ್ರಪ್ಪನೇ ಮಂಚದ ಕೆಳಗೆ. ಚಹಾದಂಗಡಿಯ ಆರು ತಲೆಗಳು ಮುಖ ಮುಖ ನೋಡಿಕೊಂಡವು. ಕೆಲವರು ನಕ್ಕರು. ಒಬ್ಬಿಬ್ಬರು ನಗಲಿಲ್ಲ. ಸಂಜೆ ಕೊಟ್ರಪ್ಪ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕೊಡಿಸಿ, ಗುತ್ಯಮ್ಮ ಹೇಳಿದ್ದೆಲ್ಲ ಹೇಳಿದ. ನಾನೊಬ್ಬ ಬರಕೊಂಡರೆ ಸಾಲದು, ಮೈಲಾರಿ ಕಣ್ಣಿಗೆ ಊರೇ ಬೀಳಬೇಕು ಅಂದ.

ಮೊದಲು ಬಂದೋನು ಯಾರು ಗೊತ್ತೇನು? ಜವಳಿ ಅಂಗಡಿ ಪಾಲಾಕ್ಷಿ. ಕಣದಲ್ಲಿ ಲೊಚ್ ಅಂದಿದ್ದು ಅವನೇ. ಕೊಟ್ರಪ್ಪನ ಮುಂದೆ ಕೂತು, ನನಗೆ ಬಾವಿ ಅಂದರೆ ಭಯ, ಇಣುಕೋದಿಲ್ಲ, ಕಣ್ಣು ಮುಚ್ಚಿ ನೀರು ಸೇದ್ತೀನಿ, ಬರಿ ಅಂದ. ಅವನ ಹಿಂದೆ ಗೌಡರು ಬಂದರು. ಬೆಕ್ಕು ಅಡ್ಡ ಬಂದರೆ ಬಂಡಿಯಿಂದ ಇಳಿಯೋದೇ ಇಲ್ಲ, ಬರಿ ಅಂದರು. ಸೂಲಗಿತ್ತಿ ಬಂದು ಕಪ್ಪೆ ಅಂದಳು. ಪೂಜಾರಪ್ಪ ಬಂದು, ತೆಂಗಿನಕಾಯಿ ಒಡೆಯುವಾಗ ನಾನು ಕಣ್ಣು ಮುಚ್ಕೊಳ್ಳೋದು ಭಕ್ತಿಗಲ್ಲ ಮಾರಾಯ, ಸಿಡಿದು ಕಣ್ಣಿಗೆ ಬಡಿದೀತು ಅಂತ, ಬರಿ ಅಂದ. ದಫೇದಾರ್ರು ಮೀಸೆ ತಿರುವಿಕೊಂಡೇ ಬಂದು ಕದ ಹಾಕಿಸಿ, ಸೂಜಿ ಚುಚ್ಚೋ ಡಾಕ್ಟರನ್ನ ಕಂಡು ಠಾಣೆ ಹಿಂದಿನ ಕಿಟಕಿ ಹಾರಿದ್ದನ್ನ ಹೇಳಿದರು. ಮಾತಿಲ್ಲದ ಚಿತ್ರ ಯಾಕಯ್ಯಾ ಅಂತ ಗೊಣಗ್ತಿದ್ದ ಅಚ್ಚಿನ ಮನೆ ಸಾಹುಕಾರ್ರೂ ಕೊನೆಗೆ ಬಂದು ತಮ್ಮ ಅತ್ತೆಯ ಹೆಸರು ಹೇಳಿ ಹೋದರು. ಒಂದು ಊರು ತನ್ನ ಹೆದರಿಕೆಯನ್ನೆಲ್ಲ ಹೀಗೆ ಸಾಲಾಗಿ ತಂದು ಒಪ್ಪಿಸಿದ್ದು ಎಲ್ಲೂ ಇಲ್ಲ ಅಂತಾರೆ. ಗುತ್ಯಮ್ಮ ಪ್ರತಿ ದಿನದ ಪೇಪರನ್ನ ಮನೆಮನೆಯಿಂದ ಕೇಳಿ ತಂದು, ರದ್ದಿ ಕಟ್ಟಿನ ಮೇಲೆ ಮೇಲೆ ಇಟ್ಟು ಲಾರಿಗೆ ಹಾಕಿಸೋಳು.

ಲಾರಿ ಹೋಯ್ತು, ಬಂತು. ಮಳೆಗಾಲ ಹೋಯ್ತು, ಬಂತು. ಮೈಲಾರಿ ಬರಲಿಲ್ಲ.

ಊರಿನ ಹೆದರಿಕೆಗಳೆಲ್ಲ ಮುಗಿದುಹೋದವು. ಬರೆಯೋಕೆ ಏನೂ ಉಳಿಯಲಿಲ್ಲ. ಗುತ್ಯಮ್ಮ ಬತ್ತಿಹೋಗಿದ್ದಳು. ಅವಳು ಎದುರಿಗೆ ಬಂದರೆ ಕೊಟ್ರಪ್ಪ ಬೇರೆ ಓಣಿ ಹಿಡೀತಿದ್ದ. ಒಂದು ದಿನ ಅವನು ಮೊದಲನೇ ಚೌಕದಲ್ಲಿ ಗುತ್ಯಮ್ಮ ಬಾಗಿಲಲ್ಲಿ ನಿಂತಿದ್ದನ್ನ ಬರೆದ, ಕಂಡ ಹಾಗೆ, ಬತ್ತಿದ ಕೆನ್ನೆ ಸಮೇತ. ಎರಡನೇದರಲ್ಲಿ ಅವಳ ಹಿಂದೆ ಊರನ್ನೇ ನಿಲ್ಲಿಸಿದ, ಪಾಲಾಕ್ಷಿ, ಗೌಡರು, ದಫೇದಾರ್ರು, ತಾನು. ಮೂರನೇದಕ್ಕೆ ಬಂದಾಗ ಕೈ ನಿಂತಿತು. ಮೈಲಾರಿ ಬಂದ ಹಾಗೆ ಬರೆಯೋದು ಎಷ್ಟು ಹೊತ್ತಿನ ಕೆಲಸ? ಆದರೆ ಬರೆದ ಮೇಲೆ ಬರದೇ ಹೋದರೆ? ಆ ಹೆಣ್ಣುಮಗಳು ಆ ಚಿತ್ರ ಹಿಡಕೊಂಡು ಏನು ಮಾಡಬೇಕು? ಚೌಕ ಮಾತ್ರ ಎಳೆದು, ಒಳಗೆ ಖಾಲಿ ಬಿಟ್ಟು ಕೊಟ್ಟ.

ಅಚ್ಚಿನ ಮನೆಯಲ್ಲಿ ಗಲಾಟೆಯಾಯ್ತು. ಸಾಹುಕಾರ್ರು ಇದೇನಯ್ಯಾ ಅರ್ಧಂಬರ್ಧ ಅಂದರು. ಅಲ್ಲಿ ಬರಬೇಕಾದ್ದನ್ನ ಬರೆಯೋನು ನಾನಲ್ಲ ಅಂದ ಕೊಟ್ರಪ್ಪ. ಹಾಗೇ ಅಚ್ಚಾಯ್ತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಎಷ್ಟು ದಿನ ಅಂತ ಲೆಕ್ಕ ಇಟ್ಟೋರಿಲ್ಲ. ಒಂದು ತಿಂಗಳು ಅನ್ನೋರಿದ್ದಾರೆ, ಒಂದು ವರ್ಷ ಅನ್ನೋರೂ ಇದ್ದಾರೆ. ಅಷ್ಟೂ ದಿನ ಊರ ಜನ ಬೆಳಿಗ್ಗೆ ಎದ್ದು ಕೊನೇ ಪುಟ ತಿರುವಿ, ಆ ಖಾಲಿ ಜಾಗ ನೋಡಿ, ಸುಮ್ಮನೆ ಪೇಪರ್ ಮಡಚಿ ಇಡ್ತಿದ್ದರು. ನಿನ್ನೆಯ ಚಿತ್ರವೇ ಇವತ್ತೂ ಯಾಕೆ ಅಂತ ಒಬ್ಬನೂ ಕೇಳಲಿಲ್ಲ ಅಂತಾರೆ.

ಮೈಲಾರಿ ಇದ್ದಿದ್ದು ಕಡಲ ದಂಡೆಯ ಒಂದು ಊರಲ್ಲಿ, ಮೂಟೆ ಹೊರ್ತಾ. ಇದನ್ನ ಅವನೇ ಆಮೇಲೆ ಕೊಟ್ರಪ್ಪನಿಗೆ ಹೇಳಿದ್ದು. ಒಂದು ಸಂಜೆ ಮಂಡಕ್ಕಿ ತಿಂದು ಪೊಟ್ಟಣ ಬಿಸಾಕೋಕೆ ಹೋದೋನು ಕಣ್ಣರಳಿಸಿದ. ಕಿಟಕಿ ಹಾರ್ತಿರೋ ಮೀಸೆ ಯಾರದು? ದಫೇದಾರ್ರದು! ಊರು ಬಿಟ್ಟ ಮೇಲೆ ಮೊದಲ ಸಲ ಅವನಿಗೆ ನಗು ಬಂತಂತೆ. ಅವತ್ತಿನಿಂದ ಮಂಡಕ್ಕಿಯೋನ ಹತ್ತಿರ ಹೋಗಿ ಇಂಥದೇ ಕಾಗದದಲ್ಲಿ ಕಟ್ಟಿಕೊಡು ಅಂತ ಪೀಡಿಸೋನು. ಗೌಡರು ಸಿಕ್ಕರು. ಪೂಜಾರಪ್ಪ ಸಿಕ್ಕ. ಬಾವಿ ಹತ್ತಿರ ಕಣ್ಣು ಮುಚ್ಚಿದ ಪಾಲಾಕ್ಷಿ ಸಿಕ್ಕ. ಮಂಚದ ಕೆಳಗಿನ ಕೊಟ್ರಪ್ಪನೂ ಸಿಕ್ಕ. ಎಣ್ಣೆ ಹತ್ತಿದ ಆ ಚೂರುಗಳನ್ನೆಲ್ಲ ಒರೆಸಿ, ಮೂಟೆ ಒತ್ತಿಟ್ಟು ನೇರ ಮಾಡಿ, ದಿಂಬಿನ ಕೆಳಗಿಡ್ತಿದ್ದ. ಆದರೂ ಊರಿಗೆ ಹೋಗೋ ಧೈರ್ಯ ಬರಲಿಲ್ಲ. ಆಮೇಲೆ ಖಾಲಿ ಚೌಕ ಬಂತು. ಶಾಯಿ ಹತ್ತಿಲ್ಲವೇನೋ ಅಂತ ಬೆಳಕಿಗೆ ಹಿಡಿದ. ಇನ್ನೊಂದು ಪೊಟ್ಟಣ ಬಿಚ್ಚಿಸಿದ, ಅದರಲ್ಲೂ ಅದೇ. ಬಾಗಿಲಲ್ಲಿ ಗುತ್ಯಮ್ಮ, ಹಿಂದೆ ಊರು, ಪಕ್ಕದಲ್ಲಿ ಏನೂ ಇಲ್ಲ. ಅವನಿಗೆ ಅಕ್ಷರ ಬರ್ತಿರಲಿಲ್ಲ. ಇದು ಮಾತ್ರ ತಿಳೀತು. "ನಂಗೆ ಅಂತ ಜಾಗ ಬಿಟ್ಟಾರೆ" ಅಂದು ಹೆಗಲ ಮೇಲಿನ ಗೋಣಿ ಅಲ್ಲೇ ಇಳಿಸಿದನಂತೆ.

ಬಿದರಗಟ್ಟೆಯಲ್ಲಿ ಒಂದು ಬೆಳಿಗ್ಗೆ, ಚಹಾದಂಗಡಿ ಮುಂದೆ ಎಂದಿನ ಹಾಗೆ ಒಂದು ಪೇಪರಿಗೆ ಆರು ತಲೆ. ಹಿಂದಿನಿಂದ ಏಳನೇದೊಂದು ಬಂದು ಎಲ್ಲರ ಮೇಲಿಂದ ಬಗ್ಗಿತು. "ತಳ್ಳಬ್ಯಾಡ್ರೀ" ಅಂತ ಪಾಲಾಕ್ಷಿ ತಿರುಗಿಯೂ ನೋಡದೆ ಗದರಿದ. ಆಮೇಲೆ ತಿರುಗಿದ. ಪೇಪರ್ ಕೈ ಜಾರಿ ಚಹಾದೊಳಗೆ ಬಿತ್ತು. ಯಾರು ಕೂಗಿದರೋ, ಭಟ್ಟಿಯಿಂದ ಗುತ್ಯಮ್ಮ ಜರಡಿ ಹಿಡಕೊಂಡೇ ಓಡಿ ಬಂದಳು. ಬಂದು, ಆ ಗುಂಡುಕಲ್ಲಿನಂಥ ಎದೆಗೆ ಜರಡಿಯಿಂದಲೇ ಹೊಡೆದಳು. ಎಲ್ಲಿ ಹಾಳಾಗಿ ಹೋಗಿದ್ರಿ, ಎಲ್ಲಿ ಹಾಳಾಗಿ ಹೋಗಿದ್ರಿ ಅಂತ ಹೊಡೆದೂ ಹೊಡೆದೂ, ಕೊನೆಗೆ ಅಲ್ಲೇ ಮುಖ ಇಟ್ಟು ಅತ್ತಳು. ಬೀದಿಯಲ್ಲಿ ಇದ್ದೋರೆಲ್ಲ ಅತ್ತರು.

ಕೊಟ್ರಪ್ಪ ಎದುರಿನ ಅಂಗಡಿಗೆ ಬೋರ್ಡು ಬರೀತಾ ಏಣಿ ಮೇಲಿದ್ದ. ಕುಂಚ ಹಿಡಕೊಂಡೇ ಇಳಿದು ಬಂದು ಮೈಲಾರಿಯ ಕಾಲಿಗೆ ಬೀಳೋಕೆ ಹೋದ. ಮೈಲಾರಿ ಬೀಳೋಕೆ ಬಿಡದೆ ರಟ್ಟೆ ಹಿಡಿದೆತ್ತಿ, ಅವನ ಕೈಯಿಂದ ಕುಂಚ ಕಿತ್ತುಕೊಂಡ. ಚಹಾದಲ್ಲಿ ನೆನೆದ ಪೇಪರನ್ನ ಕಟ್ಟೆ ಮೇಲೆ ಹರಡಿ, ನಾಲಿಗೆ ಕಚ್ಚಿಕೊಂಡು, ಜನ್ಮದಲ್ಲಿ ಕುಂಚ ಹಿಡಿಯದೋನು ಆ ಖಾಲಿ ಚೌಕದಲ್ಲಿ ಬರೆದ. ಒಂದು ಸೊಟ್ಟ ಗುಂಡಗಿನ ತಲೆ, ಕಡ್ಡಿಯಂಥ ಎರಡು ಕೈ, ಎರಡು ಕಾಲು. ಬರೆದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆಯ ಮೇಲೆ ಒಂದು ಹಲ್ಲಿ ಕೂರಿಸಿದ.

ಮೊದಲು ಮೈಲಾರಿಯೇ ನಕ್ಕ. ಅವನು ನಕ್ಕ ಮೇಲೆ ಊರು ನಕ್ಕಿತು. ಹಾಗೆ ನಗ್ತಾ ನಗ್ತಾ ಕೊಟ್ರಪ್ಪ ಮಗುವಿನ ಹಾಗೆ ಬಿಕ್ಕಿದ. ಮರುದಿನದ ಪೇಪರಿನಲ್ಲಿ ಆ ಚಿತ್ರ ಇದ್ದ ಹಾಗೇ ಅಚ್ಚಾಯ್ತು. ಅಷ್ಟು ಕೆಟ್ಟ ಚಿತ್ರ ಆ ಪೇಪರಿನಲ್ಲಿ ಹಿಂದೆ ಬಂದಿರಲಿಲ್ಲ, ಮುಂದೂ ಬರಲಿಲ್ಲ. ಅಷ್ಟು ಮನೆಗಳಲ್ಲಿ ಅಂಟಿಸಿಕೊಂಡ ಚಿತ್ರವೂ ಇನ್ನೊಂದಿಲ್ಲ ಅಂತಾರೆ. ಅಂದಿನಿಂದ ಕೊಟ್ರಪ್ಪ ಯಾರನ್ನ ಬರೆಯೋದಿದ್ದರೂ ಅವರ ಬಾಗಿಲಿಗೆ ಹೋಗಿ, ಬರೀಲೇನಪ್ಪಾ ಅಂತ ಕೇಳಿ, ಹೂಂ ಅಂದರೆ ಮಾತ್ರ ಬರೀತಿದ್ದ.

ಈಗ ಕೊಟ್ರಪ್ಪ ಇಲ್ಲ. ಅಚ್ಚಿನ ಮನೆ ಇಲ್ಲ. ಪೇಪರ್ ಈಗಲೂ ಬರ್ತದೆ, ದೊಡ್ಡ ಊರಿಂದ, ಬಣ್ಣಬಣ್ಣದ್ದು. ಕೊನೇ ಪುಟ ತಿರುವಿದರೆ ಮಿಕ್ಸಿ ಜಾಹೀರಾತು. ನಮ್ಮಂಥ ಮುದುಕರು ಈಗಲೂ ಹಿಂದಿನಿಂದಲೇ ತಿರುವಿ ನೋಡ್ತೀವಿ, ರೂಢಿ ಬಿಡಬೇಕಲ್ಲ.

ಆದರೆ ಬಿದರಗಟ್ಟೆಗೆ ಹೋದರೆ ಬಾಗಿಲ ಪಕ್ಕದ ಗೋಡೆ ನೋಡ್ರಪ್ಪ. ಯಾರಾದರೂ ಮುನಿಸಿಕೊಂಡು ಮನೆ ಬಿಟ್ಟು ಹೋದರೆ ಅಲ್ಲಿ ಇದ್ದಿಲಲ್ಲಿ ಮೂರು ಚೌಕ ಎಳೀತಾರೆ. ಮೊದಲನೇದರಲ್ಲಿ ಬಾಗಿಲು, ಎರಡನೇದರಲ್ಲಿ ಮನೆಯೋರು, ಮೂರನೇದು ಖಾಲಿ. ಹೋದೋರು ಬಂದ ದಿನ ಯಾಕೆ ಹೋದೆ, ಎಲ್ಲಿದ್ದೆ ಅಂತ ಯಾರೂ ಕೇಳೋ ಹಾಗಿಲ್ಲ. ಒಂದು ಇದ್ದಿಲು ಕೈಗೆ ಕೊಡ್ತಾರೆ, ಅಷ್ಟೇ. ಅವರೇ ಬರಕೊಂಡು ಒಳಗೆ ಹೋಗಬೇಕು. ಕೆಲವು ಮನೆಗಳಲ್ಲಿ ಆ ಮೂರನೇ ಚೌಕ ವರ್ಷಗಟ್ಟಲೆಯಿಂದ ಖಾಲಿಯೇ ಇದೆ. ಯುಗಾದಿಗೆ ಸುಣ್ಣ ಬಳಿಯೋರು ಬಂದರೆ ಅವರಿಗೆ ಯಾರೂ ಹೇಳಬೇಕಾಗಿಲ್ಲ. ಗೋಡೆಯೆಲ್ಲ ಬಳಿದು, ಅಷ್ಟು ಜಾಗ ಬಿಟ್ಟು ಬಳೀತಾರೆ.